ಕೂರಿಗೆ ತೊಳೆಯುವ ತನಕ

ನಮ್ಮೂರಲ್ಲಿ ಹೆಣ್ಣು ಕೊಡುವವರು ಗಂಡಿನ ಮನೆ ನೋಡಲು ಹೋಗುವುದಿಲ್ಲ. ಏನಾದರೊಂದು ನೆಪ ಹೇಳಿ ಆ ಮನೆಯ ಬಿತ್ತುವ ಕೂರಿಗೆಯನ್ನೋ ಕುಂಟೆಯನ್ನೋ ಒಂದು ದಿನಕ್ಕೆ ಎರವಲು ತರುತ್ತಾರೆ. ತಂದು ತಮ್ಮ ಟ್ರ್ಯಾಕ್ಟರಿಗೆ ಸಿಕ್ಕಿಸಿ, ವೈರು ಚುಚ್ಚಿ, ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು ಕೂರುತ್ತಾರೆ. ಎದುರಿನ ಸ್ಕ್ರೀನಿನ ಮೇಲೆ ಬೀಜದ ಪೆಟ್ಟಿಗೆಯ ಚಿತ್ರ ಮೂಡುತ್ತದೆ, ಬೀಜ ಇಳಿಯುವ ಕೊಳವೆಗಳ ಚಿತ್ರ ಮೂಡುತ್ತದೆ, ನೇರ ಹೋಗಲು ಒಂದು ಹಸಿರು ಗೆರೆ ಮೂಡುತ್ತದೆ. ಅದರ ಕೆಳಗೆ, ಆ ಸಲಕರಣೆ ತನ್ನ ಮನೆ ಬಿಡುವ ಮೊದಲು ಕೊನೆಗೆ ಕೇಳಿಸಿಕೊಂಡ ಮಾತು ಅಕ್ಷರ ಅಕ್ಷರವಾಗಿ ಹರಿದು ಬರುತ್ತದೆ. ಅತ್ತೆ ಸೊಸೆಗೆ ಏನೆಂದಳು, ಮಗ ಅಪ್ಪನಿಗೆ ಏನೆಂದ, ಎಲ್ಲ ಒಂದು ಸಾಲು ಮುಗಿಯುವಷ್ಟರಲ್ಲಿ ತಿಳಿದುಬಿಡುತ್ತದೆ. ಆಮೇಲೆ ಬೇಕಾದರೆ ಜಾತಕ ಕೂಡಿಸುತ್ತಾರೆ.

ಸ್ಕ್ರೀನು ಮಾರುವ ಕಂಪನಿಯವರು ಒಮ್ಮೆ ಬಂದು ನೋಡಿದರು. ಬಿಚ್ಚಿದರು, ಜೋಡಿಸಿದರು, ತಲೆ ಕೆರೆದುಕೊಂಡರು, ನಮ್ಮ ಮನೆಯಲ್ಲಿ ಗಿರ್ಮಿಟ್ ತಿಂದು ಚಹಾ ಕುಡಿದು ಹೋದರು. ನಾವು ಅದರ ಗೊಡವೆಗೇ ಹೋಗಿಲ್ಲ. ಜಗಳ ಆಡಬೇಕೆಂದರೆ ಗಂಡ ಹೆಂಡತಿ ಮಾಳಿಗೆ ಹತ್ತುತ್ತಾರೆ, ಅಷ್ಟೇ. ಸಲಕರಣೆ ಹೊರಡುವ ದಿನವಂತೂ ಎಲ್ಲರ ಮನೆಯಲ್ಲೂ ಮಾತು ಬೆಣ್ಣೆ. ನನ್ನ ಗಂಡ ಫಕೀರಪ್ಪ ವರ್ಷವೆಲ್ಲ ನನ್ನನ್ನು "ಏ ಇಕಿ" ಎಂದು ಕರೆಯುವವನು, ನಮ್ಮ ಕುಂಟೆ ಹೊರಡುವಾಗ ಅದರ ಪಕ್ಕ ನಿಂತು "ಬಂಗಾರೆವ್ವಾರ, ಚಾ ಆತೇನ್ರಿ?" ಎನ್ನುತ್ತಾನೆ. ನಾನೇನು ಕಡಿಮೆ? "ಆತ್ರಿ ಯಜಮಾನ್ರ, ಏಲಕ್ಕಿ ಹಾಕೀನ್ರಿ" ಎನ್ನುತ್ತೇನೆ. ಕುಂಟೆ ನಂಬುತ್ತದೋ ಇಲ್ಲವೋ, ನಮಗಂತೂ ಆ ದಿನ ನಕ್ಕು ನಕ್ಕು ಸಾಕಾಗುತ್ತದೆ.

ಇಷ್ಟಿದ್ದೂ ಊರು ಹೊತ್ತಿ ಉರಿದಿಲ್ಲ ಎಂದರೆ ಅದಕ್ಕೆ ಒಂದು ಕಟ್ಟಳೆ ಕಾರಣ. ಸ್ಕ್ರೀನಿನಲ್ಲಿ ಓದಿದ ಮಾತು ಕ್ಯಾಬಿನ್ನಿನ ಬಾಗಿಲು ದಾಟಬಾರದು. ಬಾಯಿಂದ ಹೇಳುವಂತಿಲ್ಲ, ಸನ್ನೆ ಮಾಡುವಂತಿಲ್ಲ, ಒಗಟಿನಲ್ಲಿ ಸುತ್ತಿ ಹೇಳುವಂತಿಲ್ಲ. ಸಲಕರಣೆ ಊರು ಸುತ್ತಿ ತನ್ನ ಮನೆಗೆ ಮರಳಿ ನೀರು ಹಾಕಿಸಿಕೊಂಡಾಗ ಆ ಮಾತು ಅದರ ಮೈಯಿಂದ ತೊಳೆದು ಹೋಗುತ್ತದೆ. ಆಮೇಲೆ ಯಾರು ಬೇಕಾದರೂ ಆಡಲಿ, ಹಾಡಲಿ. ತೊಳೆಯುವ ಮೊದಲೇ ಬಾಯಿ ಬಿಟ್ಟವರ ಟ್ರ್ಯಾಕ್ಟರಿನ ಸ್ಕ್ರೀನು ಕಪ್ಪಾಗುತ್ತದೆ, ಮುಂದಿನ ಯುಗಾದಿಯ ತನಕ ಬೆಳಗುವುದಿಲ್ಲ. ನಮ್ಮ ಓಣಿಯ ಒಬ್ಬಳಿಗೆ ಹಾಗಾಗಿತ್ತು. ಹೆಸರು ಬೇಡ ಬಿಡಿ, ಈಗ ಒಳ್ಳೆಯವಳಾಗಿದ್ದಾಳೆ. ಆ ವರ್ಷ ಅವರ ಹೊಲ ನೋಡಿದವರೆಲ್ಲ, ಇಲ್ಲಿ ಯಾವನೋ ಕುಡಿದು ನಡೆದಿದ್ದಾನೆ ಎಂದರು.

ನನ್ನಂಥವಳಿಗೆ ಇದು ದೊಡ್ಡ ಶಿಕ್ಷೆ. ನನ್ನ ಹೊಟ್ಟೆಯಲ್ಲಿ ಕಲ್ಲು ಹಾಕಿದರೂ ಕರಗುತ್ತದೆ, ಮಾತು ಮಾತ್ರ ಕರಗುವುದಿಲ್ಲ. ಅಂಥವಳು ಒಂದು ಹಿಂಗಾರಿಯ ಪೂರ್ತಿ ಬಿತ್ತನೆ ಮುಗಿಯುವ ತನಕ ಬಾಯಿಗೆ ಬೀಗ ಹಾಕಿಕೊಂಡು ಇದ್ದೆ. ಯಾಕೆ ಇದ್ದೆ ಎಂಬುದನ್ನು ಈಗ ಹೇಳಬಹುದು, ಆ ಕೂರಿಗೆ ತೊಳೆದಾಗಿದೆ.

ನೀಲಗಂಗಾ ನಮ್ಮ ಗೋಡೆಗೆ ಗೋಡೆ ಮನೆಯವಳು, ನನ್ನ ಓರಿಗೆಯವಳು. ಗಂಡ ತೀರಿಕೊಂಡಾಗ ಅವಳಿಗೆ ಇನ್ನೂ ಹರೆಯ. ಮಕ್ಕಳಿಲ್ಲ. ಟ್ರ್ಯಾಕ್ಟರು ಓಡಿಸುವುದನ್ನು ಕಲಿತು, ತಗ್ಗಿನ ಆ ಎರೆಹೊಲವನ್ನು ತಾನೇ ಮಾಡಿಕೊಂಡು ಬಂದಳು. ಅವಳು ಬಿತ್ತಿದ ಸಾಲೆಂದರೆ ದಾರ ಹಿಡಿದು ಎಳೆದ ಹಾಗೆ. ಇನ್ನು ಅವಳ ಸ್ವಚ್ಛ ಎಂಬುದನ್ನು ಏನು ಹೇಳಲಿ! ಎರವಲು ಒಯ್ದ ಪಾತ್ರೆಯನ್ನು ಎಷ್ಟು ತಿಕ್ಕಿ ಕೊಡುತ್ತಾಳೆಂದರೆ, ಇದು ನಮ್ಮದಲ್ಲ ಎಂದು ನಾನೇ ಒಮ್ಮೆ ವಾಪಸ್ ಕಳಿಸಿದ್ದೆ. ಉಡಿಕಿ ಆಗು, ಸೀರೆ ಉಡಿಸಿ ಇನ್ನೊಂದು ಮದುವೆ ಮಾಡುತ್ತೇವೆ ಎಂದು ಹಿರಿಯರು ಹೇಳಿದಾಗಲೆಲ್ಲ ಅವಳದು ಒಂದೇ ಉತ್ತರ: "ಕೇಳಿದಾವ್ರು ಯಾರೂ ಇಲ್ಲ, ನೀವ್ಯಾಕ ಗಡಬಡಿ ಮಾಡ್ತೀರಿ?" ಎಲ್ಲರೂ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಆದರೆ ನಾನು ಒಂದು ಸಲ ಅವಳ ಹೊಲದ ಹತ್ತಿರ ಹಾಯುವಾಗ ನೋಡಿದ್ದೆ. ಕ್ಯಾಬಿನ್ನಿನಲ್ಲಿ ಪಕ್ಕದ ಸಣ್ಣ ಸೀಟಿನ ಮೇಲೆ ಬುತ್ತಿಗಂಟನ್ನು ಕೂರಿಸಿಕೊಂಡು ಅದರ ಜೊತೆ ಮಾತಾಡುತ್ತಿದ್ದಳು. 

ಅವಳ ಬದುವಿನ ಆಚೆ ಬದಿಯ ಹೊಲ ಅಡಿವೆಪ್ಪನದು. ತಂಗಿಯರ ಮದುವೆ ಮಾಡುತ್ತ, ತಮ್ಮಂದಿರ ಮದುವೆ ಮಾಡುತ್ತ ತನ್ನದನ್ನು ಮರೆತವನು. ತಲೆ ನರೆತ ಮೇಲೆ ನೆನಪಾಗಿತ್ತೋ ಏನೋ. ಒಳ್ಳೆಯ ಮನುಷ್ಯ, ಆದರೆ ನಾಚಿಕೆ ಎಂದರೆ ನಾಚಿಕೆ. ಅಂಗಡಿಯಲ್ಲಿ ಉಪ್ಪು ಕೇಳಬೇಕಾದರೂ ಮೊದಲು ಅಂಗಡಿಗೆ ಒಂದು ಸುತ್ತು ಹಾಕಿ ಬರುತ್ತಾನೆ. ಊರಲ್ಲಿ ಎಲ್ಲಕ್ಕಿಂತ ಚೊಲೋ ಕೂರಿಗೆ ಅವನದೇ. ಮಳೆ ಬಿದ್ದು ನೆಲ ಹದಕ್ಕೆ ಬಂದ ಕೂಡಲೇ ಅದು ಅವನ ಚಪ್ಪರ ಬಿಟ್ಟು ಪಾಳಿಯ ಮೇಲೆ ಮನೆಯಿಂದ ಮನೆಗೆ ಹೋಗುತ್ತದೆ, ಎಲ್ಲರದೂ ಬಿತ್ತಿ ಕಡೆಗೆ ಅವನ ಹೊಲಕ್ಕೆ ಬರುತ್ತದೆ. ಪಾಳಿ ನಡೆಸುವವನು ದುಂಡಪ್ಪ ಕಾಕಾ. ಅವನು ಹೇಳಿದ್ದೇ ಪಾಳಿ.

ಆ ವರ್ಷ ಮೊದಲ ಪಾಳಿ ನೀಲಗಂಗಳದು ಎಂದು ಕಾಕಾ ಹೇಳಿದ. ಅಡಿವೆಪ್ಪ ಆ ಸಂಜೆ ಕೂರಿಗೆಗೆ ಎಣ್ಣೆ ಹಾಕಿದ, ವಿಭೂತಿ ಹಚ್ಚಿದ, ಅದರ ಪೆಟ್ಟಿಗೆಯ ಮೇಲೆ ಕೈಯಿಟ್ಟು ಬಹಳ ದಿನಗಳಿಂದ ನುಂಗಿಕೊಂಡಿದ್ದ ಮಾತನ್ನು ಆಡಿಬಿಟ್ಟ. ಬೆಳಗಾದರೆ ಕೂರಿಗೆ ನೇರ ಅವಳ ಟ್ರ್ಯಾಕ್ಟರಿಗೇ ಹೋಗುತ್ತದೆ, ಬೇರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದು ಅವನ ಲೆಕ್ಕ. ತಾನೊಂದು ಬಗೆದರೆ ದೈವವೊಂದು ಬಗೆಯಿತು. ರಾತ್ರಿ ಉತ್ತರಿ ಮಳೆ ಧೋ ಎಂದು ಹೊಡೆಯಿತು.

ಬೆಳಿಗ್ಗೆ ದುಂಡಪ್ಪ ಕಾಕಾ ಕೋಲೂರಿಕೊಂಡು ನಮ್ಮ ಅಂಗಳಕ್ಕೆ ಬಂದ. "ನೀಲಗಂಗಾನ ತಗ್ಗಿನ ಹೊಲದಾಗ ಕಾಲಿಟ್ರ ಮೊಣಕಾಲ ಮಟ ಹೂಳ್ತೈತಿ. ಆಕಿ ಪಾಳಿ ಕಡೀಕ ಹಾಕೀನಿ. ಫಕೀರಪ್ಪ, ನಿಮ್ದು ಎತ್ತರದ ಹೊಲ, ಹದಾ ಆಗೈತಿ. ಕೂರಿಗಿ ನೀವ ಒಯ್ರಿ."

ನನ್ನ ಗಂಡ ಹೋಗಿ ಕೂರಿಗೆ ಸಿಕ್ಕಿಸಿ ಎಳೆದುಕೊಂಡು ಬರುತ್ತಿದ್ದ, ಹಿಂದಿನಿಂದ ಅಡಿವೆಪ್ಪ ಹೆಗಲ ಮೇಲಿನ ಟವೆಲು ಬಿದ್ದರೂ ಲಕ್ಷ್ಯವಿಲ್ಲದೆ ಓಡಿ ಬಂದ. "ನಿಂದರ್ರಿ, ನಿಂದರ್ರಿ! ಒಯ್ಯಬ್ಯಾಡ್ರಿ. ಅದು... ಅದರ ನಟ್ಟು ಸಡಲ ಆಗೈತಿ."

"ಪಾಳಿ ಹತ್ತಿದ ಕೂರಿಗಿ ಸುತ್ತು ಮುಗಿಯೂತನಕ ಮನಿಗೆ ಹೊಳ್ಳೂದಿಲ್ಲ, ಗೊತ್ತಿಲ್ಲೇನು ನಿನಗ?" ಎಂದ ದುಂಡಪ್ಪ ಕಾಕಾ. "ನಟ್ಟು ಏನ್ ಮಹಾ, ಫಕೀರಪ್ಪ ಬಿಗೀತಾನ."

ಅಡಿವೆಪ್ಪ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ನಾಲ್ಕು ಹೆಜ್ಜೆ ಕೂರಿಗೆಯ ಜೊತೆಗೇ ನಡೆದ. ನಾನು ಅಂದುಕೊಂಡೆ, ಪಾಪ, ಕೂರಿಗೆಯ ಮೇಲೆ ಎಷ್ಟು ಜೀವ ಇವನಿಗೆ ಎಂದು.

ಅವತ್ತು ಟ್ರ್ಯಾಕ್ಟರು ಹತ್ತಿದ್ದು ನಾನು. ಹೊಲದ ತುದಿಗೆ ನಿಲ್ಲಿಸಿ, ಸ್ಕ್ರೀನಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ವೈರು ಚುಚ್ಚಿ, ಮೊದಲ ಸಾಲು ಹಿಡಿದೆ. ಹಸಿರು ಗೆರೆಯ ಕೆಳಗೆ ಅಕ್ಷರ ಹರಿಯತೊಡಗಿತು. ಅವತ್ತಿನಿಂದ ಅದು ನನಗೆ ಬಾಯಿಪಾಠ:

"ನೀಲಗಂಗಾ, ನಾ ಅಡಿವೆಪ್ಪ ಮಾತಾಡಾಕತ್ತೀನ್ರಿ. ಬದುವಿನ ಈ ಕಡಿಂದ ನಿಮ್ಮ ಸಾಲು ನೋಡಿ ನೋಡಿ ನನ್ನ ಸಾಲು ಸೊಟ್ಟ ಆಗಾಕತ್ತ್ಯಾವು. ನಮ್ಮ ಮನ್ಯಾಗ ಮಾತಾಡಾಂವನೂ ನಾನ, ಹೂಂ ಅನ್ನಾಂವನೂ ನಾನ. ನೀವು ಬಂದ್ರ ಹೂಂ ಅನ್ನಾಕ ಒಬ್ರು ಆಗ್ತಾರ. ಒಪ್ಪಿಗಿ ಇದ್ರ ಕೂರಿಗಿ ಹೊಳ್ಳಿ ಕಳಸೂವಾಗ ಪೆಟಗ್ಯಾಗ ಒಂದ್ ಹಿಡಿ ಕುಸುಬಿ ಬಿಡ್ರಿ. ಇಲ್ಲಂದ್ರ ಪೆಟಗಿ ಬಳದು ಕಳಿಸ್ರಿ. ನಾ ಏನೂ ತಿಳ್ಕೊಳ್ಳೂದಿಲ್ಲ."

ಅಯ್ಯ ನನ್ನ ಶಿವನೇ! ಸ್ಟೇರಿಂಗ್ ಬಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಟ್ರ್ಯಾಕ್ಟರು ಎಡಕ್ಕೆ ಸರಿಯಿತು, ಸ್ಕ್ರೀನು ಕುಂಯ್ ಕುಂಯ್ ಎಂದಿತು, ಹಿಂದಿರುಗಿ ನೋಡಿದರೆ ನನ್ನ ಮೊದಲ ಸಾಲು ಕುಡುಗೋಲಿನ ಹಾಗೆ ಬಾಗಿತ್ತು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಕೇಳಿದವರು ಯಾರೂ ಇಲ್ಲ ಎಂದಿದ್ದಳಲ್ಲ, ನೋಡು, ಕೇಳಿದ್ದಾನೆ! ಗೋಡೆಯಾಚೆ ಅವಳು, ಗೋಡೆಯೀಚೆ ನಾನು, ಹೇಳುವ ಹಾಗಿಲ್ಲ. ಆ ರಾತ್ರಿ ನಾನು ದಿಂಬನ್ನು ಕಚ್ಚಿಕೊಂಡು ಮಲಗಿದೆ.

ಬಿತ್ತಿ ಮುಗಿಸಿ ಪೆಟ್ಟಿಗೆ ಮುಚ್ಚುವಾಗ ನನಗೊಂದು ಯೋಚನೆ ಬಂತು. ಅವಳ ಉತ್ತರ ಅವಳದು, ಆದರೆ ಶುಭಕ್ಕೆಂದು ಒಂದು ಹಿಡಿ ಕುಸುಬಿ ಹಾಕಿದರೆ ಪಾಪವೇನು? ಹಾಕಿದೆ. ನಾನೊಬ್ಬಳೇ ಜಾಣೆ ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ನನ್ನ ನಂತರ ಕೂರಿಗೆ ಒಯ್ದವರೆಲ್ಲ, ಇದ್ದ ಕುಸುಬಿಯನ್ನು ಬಿತ್ತುವಾಗ ತೆಗೆದಿಟ್ಟು, ಆಮೇಲೆ ತಮ್ಮದೊಂದು ಹಿಡಿ ಕೂಡಿಸಿ ಮತ್ತೆ ಪೆಟ್ಟಿಗೆಗೆ ಹಾಕಿದ್ದರು.

ಕೂರಿಗೆ ಮನೆಯಿಂದ ಮನೆಗೆ ಹೋಯಿತು. ಒಬ್ಬೊಬ್ಬರೇ ಓದಿದರು, ಒಬ್ಬೊಬ್ಬರೇ ಬಾಯಿ ಮುಚ್ಚಿಕೊಂಡರು. ಊರು ವಿಚಿತ್ರವಾಗಿ ಸುಮ್ಮನಾಯಿತು. ಅಡಿವೆಪ್ಪ ಬೀದಿಗೆ ಬಂದರೆ ಒಬ್ಬ ಚಹಾ ಕುಡಿಸುತ್ತಾನೆ, ಒಬ್ಬ ಬೀಡಿ ಕೊಡುತ್ತಾನೆ, ಇನ್ನೊಬ್ಬ ಕಾರಣವಿಲ್ಲದೆ ಬೆನ್ನು ತಟ್ಟುತ್ತಾನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎಂಬ ಹಾಗೆ ಅವನು ಟವೆಲನ್ನು ತಲೆಯ ಮೇಲೆ ಹೊದ್ದು ಗೋಡೆಯ ಮಗ್ಗುಲಲ್ಲೇ ನಡೆಯತೊಡಗಿದ. ಕಡೆಗೆ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟ.

ಇತ್ತ ಎಲ್ಲರಿಗೂ ಒಂದೇ ಅವಸರ: ಕೂರಿಗೆ ಬೇಗ ಅವಳಿಗೆ ಮುಟ್ಟಲಿ. ಪಾಳಿ ಬಂದವನು ಪಾಳಿ ಬಿಟ್ಟುಕೊಡಲು ಓಡಿ ಬರುತ್ತಾನೆ. "ನೀಲಗಂಗಕ್ಕ, ನಂದು ತಡಾ ಆದ್ರ ನಡಿತೈತಿ, ಮೊದಲ ನೀವ ಒಯ್ರಿ." ಮಾರನೆಯ ದಿನ ಇನ್ನೊಬ್ಬ ಬರುತ್ತಾನೆ. ಅವಳ ಹೊಲದ ನೀರು ಇನ್ನೂ ಇಂಗಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು, ಆದರೂ ಬಂದರು. ಪ್ರೀತಿಗೆ ಬುದ್ಧಿ ಕಡಿಮೆ.

ನೀಲಗಂಗಳಿಗೆ ಬುದ್ಧಿ ಕಡಿಮೆ ಇರಲಿಲ್ಲ. ಒಂದು ಮಧ್ಯಾಹ್ನ ಹಿತ್ತಲಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದಳು. "ಬಂಗಾರಿ, ಖರೇ ಹೇಳ. ಆ ಕೂರಿಗ್ಯಾಗ ಏನ್ ಆಗೈತಿ?"

"ಏನಾಗೈತಿ? ಏನೂ ಆಗಿಲ್ಲ," ಎಂದೆ.

"ನಾ ಊರ ಹೊಲ ಎಲ್ಲಾ ಅಡ್ಡಾಡಿ ಬಂದೇನಿ. ಪ್ರತಿಯೊಬ್ಬರದೂ ಮೊದಲ ಸಾಲು ಸೊಟ್ಟ. ನಿಂದು ಸೊಟ್ಟ, ದುಂಡಪ್ಪ ಕಾಕಾಂದು ಸೊಟ್ಟ. ಎಲ್ಲಾರದೂ ಶುರುವಿನ್ಯಾಗ ಸೊಟ್ಟ, ಆಮ್ಯಾಲ ನೆಟ್ಟಗ. ಒಂಟಿ ಮನಷ್ಯಾನ ಮನಿ ಕೂರಿಗಿ, ಅದರಾಗ ಓದೂವಂಥ ಮಾತರ ಏನಿರತೈತಿ? ಕೂರಿಗಿ ಕೆಟ್ಟೈತಿ. ಅದಕ್ಕ ಎಲ್ಲಾರೂ ನನ್ನ ಕೊಳ್ಳಿಗೆ ಕಟ್ಟಾಕ ಹೊಂಟೀರಿ. ಗಂಡಸರಿಲ್ಲದ ಮನಿ, ಇಕಿಗೆ ಏನ್ ತಿಳಿತೈತಿ ಅಂತ, ಹೌದಲ್ಲ?"

ಜಗತ್ತಿನಲ್ಲಿ ಇದಕ್ಕಿಂತ ಉಲ್ಟಾ ತಿಳಿಯುವುದು ಸಾಧ್ಯವೇ? ಹೇಳಲು ಬಾಯಿ ತೆರೆದೆ, ಕಪ್ಪು ಸ್ಕ್ರೀನು ಕಣ್ಣ ಮುಂದೆ ಬಂತು, "ಎಮ್ಮಿ ಒದರಾಕತ್ತೈತಿ" ಎಂದು ಓಡಿಬಂದೆ. ನಮ್ಮ ಎಮ್ಮೆ ಹಾಯಾಗಿ ಮೆಲುಕು ಹಾಕುತ್ತಿತ್ತು.

ಅವಳು ಹಟ ಹಿಡಿದಳು. ಗಂಡನ ಕಾಲದ ಕಟ್ಟಿಗೆಯ ಹಳೆಯ ಕೂರಿಗೆಯನ್ನು ಅಟ್ಟದಿಂದ ಇಳಿಸಿ ಒರೆಸಿದಳು. ಅದಕ್ಕೆ ವೈರೂ ಇಲ್ಲ ಏನೂ ಇಲ್ಲ. ಅದರಲ್ಲೇ ಬಿತ್ತುತ್ತೇನೆ, ಅಡಿವೆಪ್ಪನ ಕೂರಿಗೆ ನನಗೆ ಬೇಡ ಎಂದು ದುಂಡಪ್ಪ ಕಾಕಾನಿಗೆ ಹೇಳಿಬಿಟ್ಟಳು. ಕಾಕಾ ಪಾಳಿ ತಪ್ಪಿಸುವ ಮನುಷ್ಯನಲ್ಲ. "ಬಿತ್ತು, ಬಿಡು. ಪಾಳಿ ಅಂದ್ರ ಪಾಳಿ, ಒಂದಿನ ನಿನ್ನ ಅಂಗಳದಾಗ ನಿಂದರತೈತಿ" ಎಂದ. ಅವನೂ ಓದಿದ್ದ.

ಕೂರಿಗೆ ಅವಳ ಅಂಗಳಕ್ಕೆ ಬಂದ ದಿನ ನಾನು ಜೋಳದ ಹಿಟ್ಟು ಕೇಳುವ ನೆಪದಲ್ಲಿ ಹೋದೆ. ಹೊಲ ಹದಕ್ಕೆ ಬಂದಿತ್ತು. ಇನ್ನು ತಡ ಮಾಡಿದರೆ ಎರೆಮಣ್ಣು ಬಿರುಕು ಬಿಡುತ್ತದೆ. ನೀಲಗಂಗಾ ಸೆರಗು ಸಿಕ್ಕಿಸಿಕೊಂಡು ಪೆಟ್ಟಿಗೆಯ ಮುಚ್ಚಳ ತೆಗೆದು ನಿಂತಿದ್ದಳು. ಒಳಗೆ ಕುಸುಬಿ, ಒಂದು ಹಿಡಿಯಲ್ಲ, ರಾಶಿ! ಊರಿನ ಹಿಡಿಗಳೆಲ್ಲ ಕೂಡಿ ಪೆಟ್ಟಿಗೆಯ ಅರ್ಧಕ್ಕೆ ಬಂದಿದ್ದವು.

"ನೋಡ ನಿಮ್ಮ ಊರಾಗಿನ ಮಂದಿ ಸ್ವಚ್ಛ!" ಎಂದಳು. "ಜ್ವಾಳ ಬಿತ್ತೂ ಪೆಟಗ್ಯಾಗ ಕುಸುಬಿ ತುಂಬಿ ಕಳಿಸ್ಯಾರ. ಒಬ್ರಿಗೂ ಬಳದು ಕೊಡಬೇಕು ಅನ್ನೂದು ಗೊತ್ತಿಲ್ಲ." ಎಲ್ಲವನ್ನೂ ಒಂದು ಅರಿವೆಯ ಚೀಲಕ್ಕೆ ಬಳಿದು ಹಾಕಿದಳು. ಕಸಬರಿಗೆಯಿಂದ ಗುಡಿಸಿದಳು. ಒಣ ಬಟ್ಟೆಯಿಂದ ಒರೆಸಿದಳು. ಮೂಲೆಯಲ್ಲಿ ಸಿಕ್ಕಿದ್ದ ಒಂದು ಕಾಳನ್ನೂ ಉಗುರಿನಿಂದ ಕಿತ್ತು ತೆಗೆದಳು. ಪೆಟ್ಟಿಗೆ ಬೆಳ್ಳಿ ಬಟ್ಟಲಾಯಿತು. "ನಾಳಿ ಮುಂಜಾನಿ ಹೀಂಗ ಒಯ್ದು ಬಿಟ್ಟು ಬರ್ತೀನಿ. ನಮ್ಮ ಮನಿಂದ ಹೊಲಸು ಹೋತು ಅನ್ನಬಾರದು."

ಈ ಪುಣ್ಯಾತ್ಗಿತ್ತಿ ಗೊತ್ತಿಲ್ಲದೆ ಒಲ್ಲೆ ಎನ್ನುತ್ತಿದ್ದಾಳೆ! ಬಳಿದ ಪೆಟ್ಟಿಗೆ ನೋಡಿ ಆ ಮನುಷ್ಯ ಏನೂ ಅನ್ನುವುದಿಲ್ಲ, ಇನ್ನು ಜನ್ಮದಲ್ಲೇ ಏನೂ ಅನ್ನುವುದಿಲ್ಲ. ಇವಳು ಮತ್ತೆ ಬುತ್ತಿಗಂಟಿನ ಜೊತೆ ಮಾತಾಡಿಕೊಂಡು ಇರುತ್ತಾಳೆ. ಹೇಳಿಬಿಡಲೇ? ಹೇಳಿದರೆ ನಮ್ಮ ಸ್ಕ್ರೀನು ಕಪ್ಪಾಗುತ್ತದೆ, ಆಗಲಿ. ಆದರೆ ಕೂರಿಗೆಯ ಬಾಯಿಂದ ಬರಬೇಕಾದ ಮಾತು ನನ್ನ ಬಾಯಿಂದ ಬಂದರೆ, ಅವನು ಕೇಳಿದ್ದೂ ಕೇಳಿದ ಹಾಗಲ್ಲ, ಅವಳು ಕೇಳಿಸಿಕೊಂಡದ್ದೂ ಅಲ್ಲ. ಅವಳು ವೈರು ಚುಚ್ಚಬೇಕು. ಅಷ್ಟೇ ಆಗಬೇಕು.

ಆಗ ನನಗೆ ದೇವರು ಬುದ್ಧಿ ಕೊಟ್ಟ. ಸೊಂಟದ ಮೇಲೆ ಕೈಯಿಟ್ಟು ನಿಂತೆ. "ಕೂರಿಗಿ ಕೆಟ್ಟೈತೋ, ನಿನ್ನ ಕೈ ಕೆಟ್ಟಾವೋ?" ಎಂದೆ.

"ಏನಂದಿ?"

"ಅಲ್ಲ, ಊರಾಗಿನ ಎಲ್ಲಾರ ಸಾಲು ಬಾಗ್ಸಿದ ಕೂರಿಗಿ, ತಮ್ಮದೂ ಬಾಗ್ಸಿದ್ರ ಹ್ಯಾಂಗ ಅಂತ ನೀಲಗಂಗವ್ವಾರು ಅಂಜ್ಯಾರ. ವಯಸ್ಸು ಆತು ಬಿಡ್ರಿ. ಅಟ್ಟದ ಮ್ಯಾಲಿನ ಕಟ್ಟಿಗಿ ಕೂರಿಗೀನ ಹಿಡೀರಿ, ಅದರ ಸಾಲು ಸೊಟ್ಟ ಆದ್ರ ಕೂರಿಗಿ ಹಳೇದು ಅನ್ನಾಕ ಬರ್ತೈತಿ."

ನೀಲಗಂಗಾ ನನ್ನನ್ನು ನೋಡಿದ ನೋಟಕ್ಕೆ ಹಸಿ ಕಟ್ಟಿಗೆಯೂ ಹೊತ್ತಿಕೊಳ್ಳಬೇಕು. ಬುತ್ತಿಗಂಟು ತಂದು ಸಣ್ಣ ಸೀಟಿನ ಮೇಲೆ ಇಟ್ಟಳು, ಜೋಳದ ಬೀಜ ತುಂಬಿದಳು, ಕೂರಿಗೆ ಸಿಕ್ಕಿಸಿದಳು. "ನಡಿ, ಬದುವಿನ ಮ್ಯಾಲ ನಿಂದರ್ ಬಾ. ಸಾಲು ಅಂದ್ರ ಏನು ಅಂತ ತೋರಿಸ್ತೀನಿ," ಎಂದು ಟ್ರ್ಯಾಕ್ಟರು ಹೊಡೆದಳು. ನಾನು ಹಿಟ್ಟಿನ ಡಬ್ಬಿ ಹಿಡಿದುಕೊಂಡೇ ಹಿಂದೆ ಓಡಿದೆ.

ಬದುವಿನ ಮೇಲೆ ನಿಂತೆ. ಟ್ರ್ಯಾಕ್ಟರು ತುದಿಗೆ ನಿಂತಿತು. ಅವಳು ಇಳಿದು ವೈರು ಚುಚ್ಚಿದಳು, ಹತ್ತಿದಳು, ಬಾಗಿಲು ಹಾಕಿಕೊಂಡಳು. ಗಾಜಿನಾಚೆ ಅವಳ ಮುಖ ನನಗೆ ಕಾಣಲಿಲ್ಲ, ಬಿಸಿಲು ಹೊಡೆಯುತ್ತಿತ್ತು. ಟ್ರ್ಯಾಕ್ಟರು ಹೊರಟಿತು. ಸಾಲು ನೇರ ಬಂತು, ಇನ್ನೂ ನೇರ ಬಂತು, ದಾರದ ಹಾಗೆ ಬಂತು. ಓದಿದಳೋ ಇಲ್ಲವೋ? ಸ್ಕ್ರೀನಿನ ಮೇಲೆ ಬಿಸಿಲು ಬಿದ್ದು ಅಕ್ಷರ ಕಾಣಲಿಲ್ಲವೋ? ಅಷ್ಟರಲ್ಲಿ ಟ್ರ್ಯಾಕ್ಟರು ಒಂದಿಷ್ಟು ಬಲಕ್ಕೆ ಸರಿಯಿತು. ಆಮೇಲೆ ಎಡಕ್ಕೆ. ಆಮೇಲೆ ಮತ್ತೆ ಬಲಕ್ಕೆ. ಹುಟ್ಟಿದಾಗಿನಿಂದ ಒಂದು ಸಾಲು ಸೊಟ್ಟ ಹಾಕದ ನೀಲಗಂಗಾ ನಮ್ಮೂರಿನ ಇತಿಹಾಸದಲ್ಲೇ ಕಾಣದಂಥ ಸೊಟ್ಟ ಸಾಲು ಹಾಕಿ, ಹೊಲದ ನಡುವೆ ಟ್ರ್ಯಾಕ್ಟರು ನಿಲ್ಲಿಸಿಬಿಟ್ಟಳು. ನಾನು ಡಬ್ಬಿ ಎಸೆದು ಬದುವಿನ ಮೇಲೆ ಕುಣಿದೆ. ನನ್ನನ್ನು ನೋಡಿ ಬೆಳ್ಳಕ್ಕಿಗಳು ಎದ್ದು ಹೋದವು.

ಬಹಳ ಹೊತ್ತಿನ ಮೇಲೆ ಎಂಜಿನ್ನು ಚಾಲೂ ಆಯಿತು, ಮುಂದಿನ ಸಾಲುಗಳು ಮೊದಲಿನ ಹಾಗೆ ನೇರ ಬರತೊಡಗಿದವು. ನನಗೆ ಮನೆಯಲ್ಲಿ ರೊಟ್ಟಿ ಬಡಿಯುವುದಿತ್ತು, ಹೊರಟು ಬಂದೆ. ಅವಳು ಸಂಜೆಗೆ ಮರಳಿದ್ದು ಗೊತ್ತಾಯಿತು, ನಡುವೆ ಒಮ್ಮೆ ಮನೆಗೆ ಬಂದು ಏನನ್ನೋ ಒಯ್ದದ್ದೂ ಗೊತ್ತಾಯಿತು. ಗೋಡೆಗೆ ಕಿವಿ ಹಚ್ಚಿದೆ. ಬರೀ ಪಾತ್ರೆ ತಿಕ್ಕುವ ಸದ್ದು.

ಮರುದಿನ ಬೆಳಿಗ್ಗೆ ಅವಳು ಇಳಕಲ್ ಸೀರೆ ಉಟ್ಟು ಟ್ರ್ಯಾಕ್ಟರಿನ ಪಕ್ಕ ನಿಂತಿದ್ದಳು. "ಕೂರಿಗಿ ಬಿಟ್ಟು ಬರೂಣು, ಬರ್ತೀಯೇನು?" ಎಂದಳು. ನಾನು ಹತ್ತುವ ಮೊದಲು ಪೆಟ್ಟಿಗೆಯ ಮುಚ್ಚಳ ಎತ್ತಿ ನೋಡಿದೆ. ಖಾಲಿ. ಒರೆಸಿ, ತಿಕ್ಕಿ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಂದು ಕಾಳಿಲ್ಲ. ಓದಿ ಆದ ಮೇಲೂ ಬಳಿದಿದ್ದಾಳೆ! ಅವಳ ಮುಖ ನೋಡಿದೆ, ಅವಳು ದಾರಿ ನೋಡುತ್ತಿದ್ದಳು.

ಅಡಿವೆಪ್ಪನ ಮನೆಯ ಮುಂದೆ ಊರೇ ನೆರೆದಿತ್ತು, ಪ್ರತಿಯೊಬ್ಬರಿಗೂ ಒಂದೊಂದು ಕಾರಣವಿತ್ತು. ಒಬ್ಬಳು ಕಳೆದ ಕೋಳಿ ಹುಡುಕುತ್ತಿದ್ದಳು, ಒಬ್ಬ ಗಾಳಿ ಹೋಗದ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ, ದುಂಡಪ್ಪ ಕಾಕಾ ಅಡಿವೆಪ್ಪನ ಕಟ್ಟೆಯೇ ಊರಲ್ಲಿ ತಂಪು ಎಂದು ಕುಳಿತಿದ್ದ. ಅಡಿವೆಪ್ಪ ಹೊರಗೆ ಬಂದ. ನೀಲಗಂಗಳನ್ನು ನೋಡಲಿಲ್ಲ, ಯಾರನ್ನೂ ನೋಡಲಿಲ್ಲ, ನೆಟ್ಟಗೆ ಹೋಗಿ ಮುಚ್ಚಳ ಎತ್ತಿದ. ಒಳಗೆ ಕೈ ಹಾಕಿ ನಾಲ್ಕೂ ಮೂಲೆ ತಡವಿದ. ಆಮೇಲೆ ಮೆಲ್ಲಗೆ ಮುಚ್ಚಿದ. "ಬಾಳ ಸ್ವಚ್ಛ ಮಾಡೀರಿ," ಎಂದ, ಅವನ ದನಿ ಅವನಿಗೇ ಕೇಳಿಸಿರಲಿಕ್ಕಿಲ್ಲ. "ಇಷ್ಟು ತ್ರಾಸ ಯಾಕ ತಗೊಂಡ್ರಿ." ಸುತ್ತಲಿನ ಮುಖಗಳೆಲ್ಲ ಬಾಡಿದವು. ಸೈಕಲ್ಲಿನವನು ಪಂಪು ಕೆಳಗಿಟ್ಟ.

"ಅಡಿವೆಪ್ಪನವರ," ಎಂದಳು ನೀಲಗಂಗಾ, "ಕೂರಿಗಿ ಹೊಳ್ಳಿ ಬಂದ ಮ್ಯಾಲ ಎಲ್ಲೆಲ್ಲಿ ಬಿತ್ತೈತಿ ಅಂತ ಮಾಲಕರು ನೋಡೂದು ಪದ್ಧತಿ. ನೀವು ನೋಡೂದಿಲ್ಲೇನು?"

ಅವನು ಶಾಲೆಗೆ ಹೋಗಲೊಲ್ಲದ ಹುಡುಗನ ಹಾಗೆ ತನ್ನ ಟ್ರ್ಯಾಕ್ಟರು ಹತ್ತಿದ. ವೈರು ಚುಚ್ಚಿದ್ದು ನಾನೇ. ಚುಚ್ಚಿ, ಮೆಟ್ಟಿಲ ಮೇಲೆ ನಿಂತು ಇಣುಕಿದೆ, ನನ್ನನ್ನು ಇಳಿಸುವ ಧೈರ್ಯ ಯಾರಿಗಿದೆ? ಸ್ಕ್ರೀನಿನ ಮೇಲೆ ಊರಿನ ಹೊಲಗಳೆಲ್ಲ ಮೇಲಿನಿಂದ ನೋಡಿದ ಹಾಗೆ ಹಸಿರು ಚೌಕಗಳಾಗಿ ಬಂದವು. ಪ್ರತಿಯೊಂದರಲ್ಲೂ ಮೊದಲ ಸಾಲಿಗೆ ಒಂದು ಡೊಂಕು. ಕಡೆಗೆ ನೀಲಗಂಗಳ ಹೊಲ ಬಂತು. ಅದರ ಮೊದಲ ಸಾಲು ಹಾವು ಹರಿದ ಹಾಗಿತ್ತು. ಅಡಿವೆಪ್ಪ ಅದನ್ನು ಬೆರಳಿನಿಂದ ಮುಟ್ಟಿದ. ಆಮೇಲೆ ಅವನ ಬೆರಳು ನಿಂತುಬಿಟ್ಟಿತು. ಹಸಿರಿನ ನಡುವೆ ಒಂದೇ ಒಂದು ಪಟ್ಟಿ ಹಳದಿ. ಕುಸುಬಿ ಬಿತ್ತಿದರೆ ಬರುವ ಹಳದಿ. ಅವಳ ಹೊಲದ ಆ ತುದಿಯಿಂದ ಹೊರಟು, ದಾರ ಎಳೆದ ಹಾಗೆ ನೇರ ಬಂದು, ಬದುವಿನ ಹತ್ತಿರ ನಿಲ್ಲದೆ, ಬದು ದಾಟಿ, ಇನ್ನೂ ಏನೂ ಬಿತ್ತದ ಅಡಿವೆಪ್ಪನ ಖಾಲಿ ಹೊಲದೊಳಗೆ ಇಳಿದು, ಅದರ ಈ ತುದಿಯ ತನಕ ಬಂದಿತ್ತು. ಊರಿನವರ ಹಿಡಿ ಹಿಡಿ ಕುಸುಬಿಯೆಲ್ಲ, ಚೀಲದಲ್ಲಿದ್ದ ಅಷ್ಟೂ, ಆ ಒಂದು ಪಟ್ಟಿಯಲ್ಲಿತ್ತು.

ಬದುವಿನ ಮೇಲೆ ಒಂದು ಗೇಣು ಒತ್ತಿದರೆ ತಲೆ ಒಡೆಯುವ ಜನ ನಾವು. ಬದು ದಾಟಿ ಬಿತ್ತಿದವರನ್ನು ನಾನು ಅದೇ ಮೊದಲು ನೋಡಿದ್ದು.

ಅಡಿವೆಪ್ಪ ಮೆಲ್ಲಗೆ ಮುಂದಕ್ಕೆ ಬಾಗಿ ಸ್ಟೇರಿಂಗಿನ ಮೇಲೆ ಹಣೆಯಿಟ್ಟ. ಹಾರ್ನು ಪೋಂ ಎಂದು ಹೊಡೆಯಿತು, ಹೊಡೆಯುತ್ತಲೇ ಇತ್ತು, ಅವನಿಗೆ ಪರಿವೆಯೇ ಇಲ್ಲ. ಓಣಿಯ ನಾಯಿಗಳೆಲ್ಲ ಬೊಗಳಿದವು. ಕಡೆಗೆ ನಾನೇ ಅವನ ಹೆಗಲು ಹಿಡಿದು ಎತ್ತಿದೆ. ಕಣ್ಣು ತುಂಬಿ ಬಂದಿದ್ದವು, ಮೀಸೆಯ ಕೆಳಗೆ ನಗು.

"ಪೆಟಗ್ಯಾಗ ಬಿಟ್ಟ ಕಾಳು ಇಲಿ ತಿಂತಾವ್ರಿ," ಎಂದಳು ನೀಲಗಂಗಾ ಕೆಳಗಿನಿಂದ. ಅವಳ ಮುಖ ಕೆಂಪಾಗಿತ್ತು, ದನಿ ಮಾತ್ರ ಗಟ್ಟಿ. "ಬಿತ್ತಿದ್ದು ಬೆಳಿತೈತಿ."

"ಹೂಂ," ಎಂದ ಅಡಿವೆಪ್ಪ. ಅಷ್ಟೇ ಅವನ ಬಾಯಿಂದ ಬಂದದ್ದು.

ನೆರೆದವರಿಗೆ ಸ್ಕ್ರೀನು ಕಂಡಿರಲಿಲ್ಲ, ಆದರೆ ಆ ಹೂಂ ಕೇಳಿತ್ತು. ಎಲ್ಲರ ಬಾಯಿ ತುದಿಗೆ ಮಾತು ಬಂದು ನಿಂತಿತ್ತು, ಆಡುವ ಹಾಗಿರಲಿಲ್ಲ. ನಾನು ಮೆಟ್ಟಿಲಿನಿಂದ ಜಿಗಿದು ಕೂಗಿದೆ: "ನಿಂತು ನೋಡ್ತೀರೇನು? ಮೊದಲ ಕೂರಿಗಿ ತೊಳೀರಿ!" ಅಡಿವೆಪ್ಪನ ಹೊಲ ಇನ್ನೂ ಬಿತ್ತಬೇಕು ಎಂಬುದು ಯಾರಿಗೂ ನೆನಪಾಗಲಿಲ್ಲ. ಕೋಳಿ ಹುಡುಕುವವಳು ಕೊಡ ತಂದಳು, ಸೈಕಲ್ಲಿನವನು ಬಕೀಟು ತಂದ, ದುಂಡಪ್ಪ ಕಾಕಾ ತನ್ನ ಕುಡಿಯುವ ತಂಬಿಗೆಯನ್ನೇ ಸುರಿದ. ಕೂರಿಗೆಯ ಮೈಯಿಂದ ಮಣ್ಣು ಇಳಿದು, ನೀರು ತಿಳಿಯಾಗಿ ಹರಿಯಿತು ನೋಡಿ, ಒಮ್ಮೆಲೇ ಊರಿಗೆ ಊರೇ ಮಾತಾಡತೊಡಗಿತು. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದೇ ಇಲ್ಲ, ಎಲ್ಲರಿಗೂ ಗೊತ್ತಿದ್ದದ್ದನ್ನೇ ಎಲ್ಲರೂ ಎಲ್ಲರಿಗೂ ಹೇಳಿದರು. ನಾನು ನೀಲಗಂಗಳನ್ನು ತಬ್ಬಿಕೊಂಡು, ಹಿತ್ತಲಲ್ಲಿ ಎಮ್ಮೆಯ ನೆಪ ಹೇಳಿ ಓಡಿದ್ದರಿಂದ ಹಿಡಿದು ಎಲ್ಲವನ್ನೂ ಉಸಿರು ಬಿಡದೆ ಒಪ್ಪಿಸಿದೆ. ಅವಳು ನನ್ನ ಬೆನ್ನಿಗೆ ಒಂದು ಗುದ್ದಿದಳು. "ವಯಸ್ಸಾತು ಅಂದ್ಯಲ್ಲ, ಅದಕ್ಕ ಇದು," ಎಂದಳು. ಇವತ್ತಿಗೂ ಆ ಗುದ್ದು ನನಗೆ ಬಂಗಾರದ ಒಡವೆ.

ಉಡಿಕಿ ಆಯಿತು. ಚಳಿಗಾಲದಲ್ಲಿ ಕುಸುಬಿ ಹೂ ಬಿಟ್ಟಾಗ ಎರಡು ಹೊಲಗಳ ನಡುವೆ ಬದು ಎಲ್ಲಿದೆ ಎಂದು ಹುಡುಕಬೇಕಾಯಿತು. ಹಳದಿ ಪಟ್ಟಿ ಈ ಕಡೆಯಿಂದ ಆ ಕಡೆಗೆ ಒಂದೇ ಸಮನೆ ಹೊತ್ತಿ ಉರಿಯುತ್ತಿತ್ತು. ಈಗ ಅವಳ ಟ್ರ್ಯಾಕ್ಟರಿನ ಸಣ್ಣ ಸೀಟಿನ ಮೇಲೆ ಅಡಿವೆಪ್ಪ ಕೂರುತ್ತಾನೆ, ಬುತ್ತಿಗಂಟು ಅವನ ತೊಡೆಯ ಮೇಲೆ ಕೂರುತ್ತದೆ. ಅವಳು ಮಾತಾಡುತ್ತಾಳೆ, ಅವನು ಹೂಂ ಎನ್ನುತ್ತಾನೆ.

ಮೊನ್ನೆ ಈ ವರ್ಷದ ಪಾಳಿ ಶುರುವಾಯಿತು. ಅವರ ಚಪ್ಪರದಿಂದ ಹೊರಟ ಕೂರಿಗೆ ಮೊದಲು ನಮ್ಮ ಮನೆಗೇ ಬಂತು. ವೈರು ಚುಚ್ಚಿ ಸಾಲು ಹಿಡಿದೆ. ಹಸಿರು ಗೆರೆಯ ಕೆಳಗೆ ಅಕ್ಷರ ಹರಿದು ಬಂತು, ಇಬ್ಬರದೂ ಮಾತಿತ್ತು. ಏನಿತ್ತು ಎಂದು ಕೇಳಬೇಡಿ. ಕೂರಿಗೆ ಇನ್ನೂ ತೊಳೆದಿಲ್ಲ, ನಾನು ಹೇಳುವ ಹಾಗಿಲ್ಲ. ನಮ್ಮ ಹೊಲದ ಕಡೆ ಬಂದರೆ ಮೊದಲ ಸಾಲು ನೋಡಿ ಹೋಗಿ.